1:10 ಆಫ್‌ರೋಡ್ ಬಗ್ಗಿ: ಸ್ಪರ್ಧೆಗೆ ಸಜ್ಜುಗೊಳಿಸುವ ಮತ್ತು ಓಡಿಸುವ ಕ್ರಮ

ರೇಡಿಯೊ ನಿಯಂತ್ರಿತ ಕಾರುಗಳ ಸ್ಪರ್ಧೆಯಲ್ಲಿ ಹತ್ತಾರು ವರ್ಗಗಳಿವೆ. ಈ ಬರಹವು ಅವುಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳುತ್ತದೆ: ಮಣ್ಣಿನ ಟ್ರ್ಯಾಕಿನಲ್ಲಿ ಓಡುವ, ಬ್ಯಾಟರಿಯಿಂದ ನಡೆಯುವ, 1:10 ಅಳತೆಯ ಟೂ ವೀಲ್ ಡ್ರೈವ್ (ಹಿಂಚಕ್ರಗಳಿಗೆ ಮಾತ್ರ ಮೋಟಾರಿನ ಬಲ ಸಿಗುವ) ಬಗ್ಗಿ. ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿಯು 1984ರಲ್ಲಿ ಆರ್‌ಸಿ10 ಎಂಬ ಕಾರನ್ನು ಮಾರುಕಟ್ಟೆಗೆ ತಂದಾಗ ಈ ವರ್ಗಕ್ಕೆ ಇಂದಿನ ರೂಪ ಬಂದಿತು. ಅಲ್ಯೂಮಿನಿಯಂ ಚಾಸಿಯ (ಕಾರಿನ ತಳಚೌಕಟ್ಟಿನ) ಮೇಲೆ, ನೆಲದ ಕುಲುಕು ತಡೆಯುವ, ಎಣ್ಣೆ ತುಂಬಿದ ಶಾಕ್‌ಗಳನ್ನು ಹೊತ್ತ ಆ ಕಾರು, ಮರುವರ್ಷವೇ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ಮೊದಲ 1:10 ಆಫ್‌ರೋಡ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜೇ ಹಾಲ್ಸಿಯವರ ಕೈಯಲ್ಲಿ ಗೆದ್ದಿತು. ಅಂದಿನಿಂದ ಮೋಟಾರು, ಬ್ಯಾಟರಿ, ರೇಡಿಯೊ ಎಲ್ಲವೂ ಬದಲಾಗಿವೆ. ಆದರೆ ಕಾರನ್ನು ಹೊಂದಿಸುವವನ ಮುಂದಿರುವ ಪ್ರಶ್ನೆ ಬದಲಾಗಿಲ್ಲ: ಈ ಸುತ್ತು ಹಿಂದಿನ ಸುತ್ತಿಗಿಂತ ಚೆನ್ನಾಗಿದ್ದರೆ, ಸುಧಾರಿಸಿದ್ದು ಕಾರೋ, ಟ್ರ್ಯಾಕೋ, ಓಡಿಸುವವನ ಕೈಯೋ?

ಈ ಮೂರನ್ನು ಬೇರ್ಪಡಿಸಿ ನೋಡಲು ಬಾರದವರು ವರ್ಷಗಟ್ಟಲೆ ಬಿಡಿಭಾಗ ಬದಲಿಸುತ್ತಲೇ ಇರುತ್ತಾರೆ. ಮುಂದೆ ಹೇಳುವ ಕ್ರಮದ ಉದ್ದೇಶವೆಲ್ಲ ಈ ಬೇರ್ಪಡಿಸುವಿಕೆಯೇ ಆಗಿದೆ.

ಮೊದಲು ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸಾಮಾನ್ಯವಾಗಿ ಒಂದು ಹೀಟ್, ಅಂದರೆ ಸ್ಪರ್ಧೆಯ ಒಂದು ಓಟ, 5 ನಿಮಿಷದ್ದು. ಸುತ್ತಿಗೆ 25 ಸೆಕೆಂಡ್ ಹಿಡಿಯುವ ಟ್ರ್ಯಾಕಿನಲ್ಲಿ ಅದು 12 ಸುತ್ತುಗಳಾಗುತ್ತದೆ. ಸೆಟಪ್ (ಕಾರಿನ ಹೊಂದಾಣಿಕೆ) ಬದಲಿಸಿ ಸುತ್ತಿಗೆ 0.3 ಸೆಕೆಂಡ್ ಉಳಿಸಿದರೂ ಒಟ್ಟು ಗಳಿಕೆ 3.6 ಸೆಕೆಂಡ್ ಮಾತ್ರ. ಕಾರು ಒಮ್ಮೆ ಮಗುಚಿ, ಮಾರ್ಷಲ್ ಬಂದು ಅದನ್ನು ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಸಮಯ ಸುಲಭವಾಗಿ ಹೋಗಿಬಿಡುತ್ತದೆ. ಆದ್ದರಿಂದ ಅತಿ ವೇಗದ ಒಂದು ಸುತ್ತನ್ನು ಕೊಡುವ ಸೆಟಪ್‌ಗಿಂತ, 12 ಸುತ್ತುಗಳನ್ನೂ ಒಂದೇ ಹದದಲ್ಲಿ ಮುಗಿಸಲು ಬಿಡುವ ಸೆಟಪ್ಪೇ ಮೇಲು. ಕಾರು ತುಸು ಮಂದವಾಗಿ ತಿರುಗಿದರೂ ಚಿಂತೆಯಿಲ್ಲ, ಅದರ ಹಿಂಭಾಗ ನಂಬಿಕೆಗೆ ಅರ್ಹವಾಗಿರಬೇಕು.

ಟೈರಿನಿಂದ ಆರಂಭ

ಕಾರಿನಲ್ಲಿ ಎಷ್ಟೇ ಹೊಂದಾಣಿಕೆಗಳಿದ್ದರೂ, ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳು ಮಾತ್ರ. ಟೈರಿನ ಆಯ್ಕೆ ತಪ್ಪಿದ್ದರೆ ಸ್ಪ್ರಿಂಗನ್ನಾಗಲಿ ಎಣ್ಣೆಯನ್ನಾಗಲಿ ಬದಲಿಸಿ ಅದನ್ನು ಸರಿಪಡಿಸಲಾಗದು. ಟೈರಿನಲ್ಲಿ ನೋಡಬೇಕಾದದ್ದು ಮೂರು: ಮೇಲ್ಮೈಯ ಗುಬ್ಬಿಗಳ (ಎದ್ದುನಿಂತ ರಬ್ಬರ್ ಉಬ್ಬುಗಳ) ವಿನ್ಯಾಸ, ರಬ್ಬರಿನ ಮೃದುತ್ವ, ಒಳಗಿನ ಫೋಮ್. ಸಡಿಲ ಮಣ್ಣಿನ ಮೇಲೆ ಗುಬ್ಬಿಗಳು ಎತ್ತರವಾಗಿಯೂ ವಿರಳವಾಗಿಯೂ ಇರಬೇಕು, ಅವು ಮಣ್ಣಿನೊಳಗೆ ಇಳಿದು ಹಿಡಿಯುತ್ತವೆ. ಟ್ರ್ಯಾಕ್ ಗಟ್ಟಿಯಾಗಿ, ಓಡಿದ ಸಾಲು ಕಪ್ಪಗೆ ಮಿರುಗತೊಡಗಿದಾಗ ಸಣ್ಣ, ಒತ್ತಾದ ಗುಬ್ಬಿಗಳು ಹೆಚ್ಚು ಕೆಲಸ ಮಾಡುತ್ತವೆ. ಒಳಾಂಗಣದ ತೇವ ಜೇಡಿಮಣ್ಣಿನ ಟ್ರ್ಯಾಕುಗಳಲ್ಲಿ ಗುಬ್ಬಿಗಳೇ ಇಲ್ಲದ ಸ್ಲಿಕ್ ಟೈರು ಹಾಕುವುದೂ ಉಂಟು.

ನಮ್ಮ ಕೆಂಪು ಮಣ್ಣಿನ ಟ್ರ್ಯಾಕುಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬೆಳಿಗ್ಗೆ ನೀರು ಚಿಮುಕಿಸಿದ ನೆಲ ಹಿಡಿತ ಕೊಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದೇ ನೆಲದ ಮೇಲೆ ಹಿಟ್ಟಿನಂಥ ಧೂಳು ಕೂರುತ್ತದೆ, ಅದರ ಕೆಳಗೆ ನೆಲ ಗಟ್ಟಿಯಾಗಿಯೇ ಇರುತ್ತದೆ. ಇಂಥ ಹೊತ್ತಿನಲ್ಲಿ ಕಾರು ಜಾರತೊಡಗಿದರೆ ಸೆಟಪ್ ಕೆಟ್ಟಿತೆಂದು ಸ್ಪ್ಯಾನರ್ ಎತ್ತಿಕೊಳ್ಳಬೇಡಿ. ಬದಲಾದದ್ದು ಟ್ರ್ಯಾಕ್. ಆ ಧೂಳನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುವ ಟೈರನ್ನು ಮೊದಲು ಹಾಕಿ ನೋಡಿ.

ಟೈರನ್ನು ಅಂಟಿಸುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಹೊಸ ಟೈರಿನ ಅಂಚಿನಲ್ಲಿ ಅಚ್ಚಿನ ಎಣ್ಣೆಯ ಪಸೆ ಇರುತ್ತದೆ. ಅದನ್ನು ಸ್ಪಿರಿಟ್‌ನಿಂದ ಒರೆಸದೆ ಅಂಟು ಹಾಕಿದರೆ, ಸ್ಪರ್ಧೆಯ ನಡುವೆ ಟೈರು ರಿಮ್ಮಿನಿಂದ ಎದ್ದು ಬರುವುದು ಬಹುತೇಕ ಖಚಿತ. ಫೋಮ್ ಎಲ್ಲಿಯೂ ಮಡಚಿಕೊಳ್ಳದಂತೆ ಕೂರಿಸಿ, ತೆಳು ಸೂಪರ್ ಗ್ಲೂವನ್ನು ಅಂಚಿನ ಸುತ್ತ ಸ್ವಲ್ಪಸ್ವಲ್ಪವೇ ಹರಿಯಬಿಡಿ.

ಆಧಾರ ಸೆಟಪ್

ಕಾರಿನ ತಯಾರಕರು ಕೈಪಿಡಿಯೊಡನೆ ಕೊಡುವ ಸೆಟಪ್ ಹಾಳೆಯೇ ನಿಮ್ಮ ಆಧಾರ. ಅನುಭವಿ ಸ್ಪರ್ಧಿಗಳು ಪ್ರಕಟಿಸುವ ಸೆಟಪ್‌ಗಳು ಆಕರ್ಷಕವಾಗಿ ಕಂಡರೂ, ಅವು ಅವರ ಟ್ರ್ಯಾಕಿಗೆ, ಅವರ ಕೈಗೆ ಹೊಂದಿದವು. ಮೊದಲ ಕೆಲವು ವಾರ ಹಾಳೆಯಲ್ಲಿರುವಂತೆಯೇ ಕಾರನ್ನು ಓಡಿಸಿ.

ರೈಡ್ ಹೈಟ್, ಅಂದರೆ ನೆಲದಿಂದ ಚಾಸಿಗೆ ಇರುವ ಎತ್ತರ, ಇಂಥ ಬಗ್ಗಿಯಲ್ಲಿ ಸಾಮಾನ್ಯವಾಗಿ 20ರಿಂದ 25 ಮಿಲಿಮೀಟರ್. ಉಬ್ಬುತಗ್ಗಿನ ಟ್ರ್ಯಾಕಿಗೆ ಹೆಚ್ಚು, ನುಣುಪಾದ ಮತ್ತು ಹಿಡಿತವಿರುವ ಟ್ರ್ಯಾಕಿಗೆ ಕಡಿಮೆ. ಅಳೆಯುವಾಗ ಬ್ಯಾಟರಿ, ಬಾಡಿ, ಟ್ರಾನ್ಸ್‌ಪಾಂಡರ್ (ಸುತ್ತಿನ ಸಮಯ ದಾಖಲಿಸಲು ಸಂಕೇತ ಕಳಿಸುವ ಸಾಧನ) ಎಲ್ಲವೂ ಕಾರಿನ ಮೇಲಿರಬೇಕು. ಕಾರನ್ನು ಸಮತಟ್ಟಾದ ಹಲಗೆಯ ಮೇಲೆ ಗೇಣೆತ್ತರದಿಂದ ಬೀಳಿಸಿ, ಅದು ತಾನಾಗಿ ನೆಲೆಗೊಂಡ ಬಳಿಕ ಅಳೆಯಿರಿ. ಕೈಯಿಂದ ಒತ್ತಿ ಬಿಟ್ಟರೆ ಪ್ರತಿ ಸಲವೂ ಬೇರೆ ಅಳತೆ ಬರುತ್ತದೆ. ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕ್ಯಾಂಬರನ್ನು ಹಿಂದೆ ಮುಂದೆ ಎರಡೂ ಕಡೆ ಒಂದರಿಂದ ಎರಡು ಡಿಗ್ರಿಯೊಳಗೆ ಇರಿಸಿ. ಹಿಂಚಕ್ರಗಳ ಟೋ-ಇನ್ (ಚಕ್ರಗಳ ಮುಂಚು ಒಳಕ್ಕೆ ತಿರುಗಿರುವ ಕೋನ) 3 ಡಿಗ್ರಿಯಷ್ಟಿದ್ದರೆ ಹಿಂಭಾಗ ನೆಟ್ಟಗೆ ಹಿಂಬಾಲಿಸುತ್ತದೆ, ಅದನ್ನು ಕಡಿಮೆ ಮಾಡುವ ಆಸೆ ಆರಂಭದಲ್ಲಿ ಬೇಡ.

ಬ್ಯಾಟರಿಯನ್ನು ಇಡುವ ಜಾಗಕ್ಕೆ ಜನ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. ಸುಮಾರು ಒಂದೂವರೆ ಕಿಲೋ ತೂಗುವ ಕಾರಿನಲ್ಲಿ ಬ್ಯಾಟರಿಯೇ ಅತಿ ಭಾರದ ಬಿಡಿವಸ್ತುಗಳಲ್ಲೊಂದು. ಅದನ್ನು ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಜಾರುವ ನೆಲದಲ್ಲಿ ಹಿಂಚಕ್ರಗಳಿಗೆ ಸಿಗುವ ಹಿಡಿತ ಕೂಡಲೇ ತಿಳಿಯುತ್ತದೆ. ಹಿಡಿತ ಹೆಚ್ಚಿ ಮುಂಭಾಗ ತಿರುಗದೆ ನೇರಕ್ಕೆ ಹೋಗುವಂತಾದರೆ ಮತ್ತೆ ಮುಂದಕ್ಕೆ ಸರಿಸಬಹುದು. ಖರ್ಚಿಲ್ಲದ, ಎರಡು ನಿಮಿಷದ ಕೆಲಸವಿದು.

ಶಾಕ್ ಕಟ್ಟುವ ಬಗೆ

ಹೊಸಬರ ಕಾರುಗಳಲ್ಲಿ ನನಗೆ ಹೆಚ್ಚಾಗಿ ಕಾಣುವ ದೋಷವು ಸೆಟಪ್ ಸಂಖ್ಯೆಗಳದ್ದಾಗಿರುವುದಿಲ್ಲ, ಶಾಕ್‌ನೊಳಗೆ ಸಿಕ್ಕಿಕೊಂಡ ಗಾಳಿಯದ್ದಾಗಿರುತ್ತದೆ. ಎಡ ಬಲದ ಶಾಕ್‌ಗಳು ಒಂದೇ ಬಗೆಯಲ್ಲಿ ಕೆಲಸ ಮಾಡದಿದ್ದರೆ ಕಾರು ಒಂದು ಕಡೆಗೆ ಚೆನ್ನಾಗಿ ತಿರುಗಿ, ಇನ್ನೊಂದು ಕಡೆಗೆ ತೇಲಿದಂತೆ ಹೋಗುತ್ತದೆ. ಆದ್ದರಿಂದ ಈ ಕೆಲಸವನ್ನು ತುಸು ವಿವರವಾಗಿ ಹೇಳುತ್ತೇನೆ.

ಶಾಕ್‌ನ ಶಾಫ್ಟನ್ನು ಪೂರ್ತಿ ಕೆಳಕ್ಕೆ ಎಳೆದು, ಸಿಲಿಂಡರನ್ನು ನೆಟ್ಟಗೆ ಹಿಡಿದು, ಅಂಚಿನವರೆಗೆ ಎಣ್ಣೆ ತುಂಬಿ. ಶಾಫ್ಟನ್ನು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಪಿಸ್ಟನ್ನಿನ ಅಡಿಯಲ್ಲಿದ್ದ ಗುಳ್ಳೆಗಳು ಅದರ ತೂತುಗಳ ಮೂಲಕ ಮೇಲೆದ್ದು ಬರುತ್ತವೆ. ಪಿಸ್ಟನ್ ಎಣ್ಣೆಯ ಮಟ್ಟದಿಂದ ಮೇಲೇಳಬಾರದು, ಎದ್ದರೆ ಹೊಸ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಳಿಕ ನಾಲ್ಕೂ ಶಾಕ್‌ಗಳನ್ನು ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಹಾಗೆಯೇ ಬಿಡಿ. ಸಣ್ಣ ಗುಳ್ಳೆಗಳು ಮೇಲೆ ಬರಲು ಇಷ್ಟು ಸಮಯ ಬೇಕೇ ಬೇಕು. ಅನಂತರ ಎಣ್ಣೆಯ ಮಟ್ಟ ಸರಿಪಡಿಸಿ, ಮುಚ್ಚಳವನ್ನು ಸಡಿಲವಾಗಿ ತಿರುಗಿಸಿ, ಶಾಫ್ಟನ್ನು ಮೆಲ್ಲನೆ ಒಳಕ್ಕೆ ತಳ್ಳುತ್ತಾ ಹೋದಂತೆ ಹೆಚ್ಚುವರಿ ಎಣ್ಣೆ ಮುಚ್ಚಳದ ಸಣ್ಣ ರಂಧ್ರದಿಂದಲೋ ತಿರುಪಿನ ಸಂದಿನಿಂದಲೋ ಹೊರಬರುತ್ತದೆ. ಶಾಫ್ಟ್ ಪೂರ್ತಿ ಒಳಗಿರುವಾಗಲೇ ಮುಚ್ಚಳವನ್ನು ಬಿಗಿ ಮಾಡಿ.

ಈಗ ಎಡ ಬಲದ ಎರಡು ಶಾಕ್‌ಗಳನ್ನು ಸ್ಪ್ರಿಂಗ್ ಇಲ್ಲದೆ ಹಿಡಿದು, ಶಾಫ್ಟ್‌ಗಳ ತುದಿಗಳನ್ನು ಒಂದಕ್ಕೊಂದು ಒತ್ತಿ. ಎರಡೂ ಸಮನಾಗಿ ಒಳಸರಿದು, ಬಿಟ್ಟಾಗ ಸಮನಾಗಿ ಹೊರಬಂದರೆ ಜೋಡಿ ಕೂಡಿದೆ ಎಂದರ್ಥ. ಒಳಗಿನಿಂದ ಪಿಚಪಿಚ ಸದ್ದು ಕೇಳಿಸಿದರೆ ಗಾಳಿ ಉಳಿದಿದೆ, ಬಿಚ್ಚಿ ಮತ್ತೆ ಮಾಡಿ. ಕೊನೆಯದಾಗಿ, ಶಾಕ್‌ಗಳ ಪೂರ್ತಿ ಚಾಚಿದ ಉದ್ದವನ್ನು ಕ್ಯಾಲಿಪರ್‌ನಿಂದ ಅಳೆದು ಜೋಡಿಗಳನ್ನು ಸಮ ಮಾಡಿ. ಚಕ್ರ ಎಷ್ಟು ಕೆಳಕ್ಕೆ ಇಳಿಯಬಲ್ಲದು ಎಂಬ ಡ್ರೂಪ್ ಅಳತೆಯನ್ನು ನಿರ್ಧರಿಸುವುದು ಈ ಉದ್ದವೇ. ಒಂದು ಕಡೆ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಬ್ರೇಕ್ ಹಾಕಿದಾಗ ಕಾರು ಒಂದು ಮಗ್ಗುಲಿಗೆ ಎಳೆಯುವ ಸಾಧ್ಯತೆಯಿದೆ.

ಎಣ್ಣೆಯ ದಪ್ಪವನ್ನು ಕೆಲವರು ‘ವೇಟ್’ ಲೆಕ್ಕದಲ್ಲಿ, ಕೆಲವರು ‘ಸಿಎಸ್‌ಟಿ’ (ಸೆಂಟಿಸ್ಟೋಕ್) ಲೆಕ್ಕದಲ್ಲಿ ನಮೂದಿಸುತ್ತಾರೆ. ಒಬ್ಬ ತಯಾರಕರ 35 ವೇಟ್ ಇನ್ನೊಬ್ಬರ 35 ವೇಟ್‌ಗೆ ಸಮನಾಗಿರಬೇಕೆಂದಿಲ್ಲ. ಆದ್ದರಿಂದ ಒಂದೇ ಬ್ರಾಂಡಿಗೆ ಅಂಟಿಕೊಳ್ಳುವುದು ಒಳ್ಳೆಯದು. ಬಿಸಿಯೇರಿದಂತೆ ಸಿಲಿಕೋನ್ ಎಣ್ಣೆ ತೆಳ್ಳಗಾಗುತ್ತದೆ. ಚಳಿಗಾಲದ ಬೆಳಿಗ್ಗೆ ಹದವಾಗಿದ್ದ ಶಾಕ್, ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಮೆಟ್ಟಿಲು ದಪ್ಪದ ಎಣ್ಣೆಯನ್ನು ಕೇಳುತ್ತದೆ. ಜಿಗಿತದ ಬಳಿಕ ಚಾಸಿ ನೆಲಕ್ಕೆ ಜೋರಾಗಿ ಬಡಿಯುತ್ತಿದ್ದರೆ ದಪ್ಪ ಎಣ್ಣೆಯ ಕಡೆಗೆ ಹೋಗಿ. ಸಣ್ಣ ಉಬ್ಬುಗಳ ಮೇಲೆ ಕಾರು ಕುಪ್ಪಳಿಸಿ ದಾರಿ ಬಿಡುತ್ತಿದ್ದರೆ ತೆಳು ಎಣ್ಣೆಯ ಕಡೆಗೆ ಹೋಗಿ.

ಮೋಟಾರು, ಗೇರು, ಡಿಫ್

ಗೇರ್ ಅನುಪಾತದ ಲೆಕ್ಕ ಸರಳ. ಸ್ಪರ್ ಎಂಬ ದೊಡ್ಡ ಗೇರಿನ ಹಲ್ಲುಗಳನ್ನು, ಮೋಟಾರಿನ ಶಾಫ್ಟಿನ ಮೇಲಿರುವ ಸಣ್ಣ ಗೇರಾದ ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿ, ಗೇರ್‌ಬಾಕ್ಸಿನ ಒಳ ಅನುಪಾತದಿಂದ ಗುಣಿಸಬೇಕು. ಸ್ಪರ್ 72, ಪಿನಿಯನ್ 24, ಒಳ ಅನುಪಾತ 2.6 ಇದ್ದರೆ ಒಟ್ಟು 7.8 ಬರುತ್ತದೆ. ಪಿನಿಯನ್ ದೊಡ್ಡದಾದಂತೆ ನೇರ ದಾರಿಯ ವೇಗ ಹೆಚ್ಚುತ್ತದೆ, ಮೋಟಾರೂ ಹೆಚ್ಚು ಬಿಸಿಯಾಗುತ್ತದೆ. ಒಂದೊಂದೇ ಹಲ್ಲು ಬದಲಿಸುತ್ತಾ, ಓಟ ಮುಗಿದೊಡನೆ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಮೋಟಾರಿನ ಶಾಖವನ್ನು ಅಳೆಯಿರಿ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುವುದು ಕ್ಷೇಮ. ಅದು 80ರ ಕಡೆಗೆ ಏರುತ್ತಿದ್ದರೆ ಪಿನಿಯನ್ನನ್ನು ಚಿಕ್ಕದು ಮಾಡಿ. ಹೊಸಬರಿಗೆ 17.5 ಟರ್ನ್ (ತಂತಿ ಸುತ್ತುಗಳ ಎಣಿಕೆ) ಮೋಟಾರಿನ ಸ್ಟಾಕ್ ವರ್ಗವೇ ತಕ್ಕದ್ದು. ಕಡಿಮೆ ಟರ್ನ್‌ನ ಮಾಡಿಫೈಡ್ ಮೋಟಾರುಗಳ ಶಕ್ತಿಯನ್ನು ಎರಡು ಹಿಂಚಕ್ರಗಳ ಮೂಲಕ ನೆಲಕ್ಕಿಳಿಸುವುದು ನುರಿತ ಬೆರಳುಗಳ ಕೆಲಸ.

ತಿರುವಿನಲ್ಲಿ ಎಡ ಬಲದ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಡಿಫ್‌ನೊಳಗಿನ (ಡಿಫರೆನ್ಷಿಯಲ್) ಎಣ್ಣೆ ದಪ್ಪವಾದಷ್ಟೂ ಎರಡು ಹಿಂಚಕ್ರಗಳು ಒಟ್ಟಾಗಿ ತಿರುಗಲು ನೋಡುತ್ತವೆ. ಅದರಿಂದ ಮುಂದಕ್ಕೆ ಎಳೆತ ಹೆಚ್ಚುತ್ತದೆ. ಜಾರುವ ನೆಲದಲ್ಲಿ ಮಾತ್ರ ಎರಡೂ ಚಕ್ರಗಳು ಒಮ್ಮೆಲೇ ಹಿಡಿತ ಬಿಟ್ಟು ಹಿಂಭಾಗ ಥಟ್ಟನೆ ಸುತ್ತಿಬಿಡುವ ಅಪಾಯವಿದೆ, ಆದ್ದರಿಂದ ಧೂಳಿನ ಟ್ರ್ಯಾಕಿಗೆ ತೆಳು ಎಣ್ಣೆ ಹಿತ. ಮೋಟಾರಿನ ಬಲ ಥಟ್ಟನೆ ಹೆಚ್ಚಿದಾಗ ಜಾರಿಕೊಡುವ ಸ್ಲಿಪ್ಪರ್ ಕ್ಲಚ್ ಇದ್ದರೆ, ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಎರಡು ಮೂರು ಅಡಿ ದೂರದವರೆಗೆ ಅದು ಜಾರುವ ಸಣ್ಣ ಸದ್ದು ಕೇಳುವಷ್ಟು ಸಡಿಲವಿರಲಿ.

ಟ್ರಾನ್ಸ್‌ಮಿಟರ್‌ನಲ್ಲಿ ಕಳೆಯುವ ಅರ್ಧ ಗಂಟೆ

ಹೊಸ ಸ್ಪ್ರಿಂಗ್ ಕೊಳ್ಳುವ ಮುನ್ನ, ಕೈಯಲ್ಲಿ ಹಿಡಿಯುವ ರೇಡಿಯೊ ನಿಯಂತ್ರಕವಾದ ಟ್ರಾನ್ಸ್‌ಮಿಟರನ್ನು ಸರಿಯಾಗಿ ಹೊಂದಿಸಿ. ಕೈ ಬಿಟ್ಟು ಓಡಿಸಿದರೂ ಕಾರು ನೇರ ಹೋಗುವಂತೆ ಟ್ರಿಮ್ ಮಾಡಿ. ಚಕ್ರಗಳು ಪೂರ್ತಿ ತಿರುಗಿ ನಿಂತ ಮೇಲೂ ಸರ್ವೋ (ಮುಂಚಕ್ರ ತಿರುಗಿಸುವ ಸಣ್ಣ ಮೋಟಾರು) ಗುಂಯ್‌ಗುಟ್ಟುತ್ತಿದ್ದರೆ ಎಂಡ್ ಪಾಯಿಂಟನ್ನು (ತಿರುಗುವ ಗರಿಷ್ಠ ಮಿತಿಯನ್ನು) ಕಡಿಮೆ ಮಾಡಿ, ಇಲ್ಲವಾದರೆ ಸರ್ವೋ ಸುಡುತ್ತದೆ. ಸ್ಟೀರಿಂಗಿನ ಮಧ್ಯಭಾಗ ತೀರ ಚುರುಕಾಗಿದ್ದರೆ ಎಕ್ಸ್‌ಪೊನೆನ್ಷಿಯಲ್ ಎಂಬ ಸೆಟ್ಟಿಂಗ್ ಬಳಸಿ ಮೆದು ಮಾಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್. ಈ ಕಾರಿನ ಬ್ರೇಕ್ ಹಿಂಚಕ್ರಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ತಿರುವಿನೊಳಗೆ ಜೋರಾಗಿ ಬ್ರೇಕ್ ಹಾಕಿದರೆ ಲಾಕ್ ಆದ ಹಿಂಚಕ್ರಗಳು ಅಡ್ಡ ಹಿಡಿತವನ್ನೂ ಕಳೆದುಕೊಂಡು ಕಾರು ಗಿರಕಿ ಹೊಡೆಯುತ್ತದೆ. ನೇರ ದಾರಿಯಲ್ಲಿ ಪೂರ್ತಿ ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗುವ ಅಂಚಿಗೆ ಬಂದು ನಿಲ್ಲುವಷ್ಟಕ್ಕೆ ಬ್ರೇಕಿನ ಮಿತಿಯನ್ನು ಇಳಿಸಿ. ಈ ಒಂದು ಹೊಂದಾಣಿಕೆಯಿಂದ ಹೊಸಬರ ಅರ್ಧದಷ್ಟು ಗಿರಕಿಗಳು ನಿಲ್ಲುತ್ತವೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಓಡಿಸುವುದು

ಕಾರು ನಿಮ್ಮಿಂದ ದೂರ ಹೋಗುವಾಗ ಎಡ ಎಡವೇ, ನಿಮ್ಮ ಕಡೆಗೆ ಬರುವಾಗ ಅದು ಅದಲುಬದಲಾಗಿ ಕಾಣುತ್ತದೆ. ಕಾರಿನೊಳಗೆ ತಾನೇ ಕುಳಿತಿದ್ದೇನೆ ಎಂದು ಕಲ್ಪಿಸಿಕೊಂಡು ಓಡಿಸುವುದು ಇದಕ್ಕಿರುವ ಒಂದೇ ಪರಿಹಾರ. ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿಸುತ್ತಿದ್ದರೆ ಕೆಲವು ಬ್ಯಾಟರಿಗಳಲ್ಲೇ ಇದು ಕೈಗೆ ಹತ್ತುತ್ತದೆ.

ಡ್ರೈವರ್ ಸ್ಟ್ಯಾಂಡಿನ ಮೇಲೆ ನಿಂತಾಗ ಕಣ್ಣು ಕಾರಿನ ಮೇಲೆ ನೆಡದೆ, ಕಾರು ಮುಂದೆ ತಲುಪಬೇಕಾದ ಜಾಗದ ಮೇಲಿರಬೇಕು. ಬ್ರೇಕ್ ಹಾಕುವ ಕೆಲಸವನ್ನು ತಿರುವಿಗೆ ಮೊದಲೇ, ಕಾರು ನೇರವಾಗಿರುವಾಗಲೇ ಮುಗಿಸಿ. ತಿರುವಿನ ಒಳಗೆ ಥ್ರಾಟಲನ್ನು ಪೂರ್ತಿ ಬಿಟ್ಟುಕೊಡದೆ, ಹಿಂಭಾಗ ಕುಳಿತಿರುವಷ್ಟು ಮಾತ್ರ ಹಿಡಿದುಕೊಳ್ಳಿ. ತಿರುವಿನ ಒಳ ಅಂಚನ್ನು ಗುರುತಿಸುವ ಪೈಪಿಗೆ ಹತ್ತಿರವಾದ ಬಿಂದುವನ್ನು ದಾಟಿ ಸ್ಟೀರಿಂಗ್ ಬಿಚ್ಚಿಕೊಳ್ಳುತ್ತಾ ಹೋದಂತೆ, ಅದೇ ಪ್ರಮಾಣದಲ್ಲಿ ಥ್ರಾಟಲ್ ಕೂಡಿಸಿ. ಸ್ಟೀರಿಂಗ್ ಇನ್ನೂ ತಿರುಗಿರುವಾಗ ಟ್ರಿಗರನ್ನು ಒಮ್ಮೆಲೇ ಎಳೆಯುವುದು ಟೂ ವೀಲ್ ಡ್ರೈವ್ ಕಾರಿಗೆ ಸಲ್ಲದು. ಉದ್ದನೆಯ ನೇರ ದಾರಿಗೆ ಮೊದಲು ಬರುವ ತಿರುವೇ ಟ್ರ್ಯಾಕಿನ ಅತಿ ಬೆಲೆಬಾಳುವ ತಿರುವು. ಅಲ್ಲಿ ಒಳಹೊಗುವಾಗ ತುಸು ಸಮಯ ಕಳೆದುಕೊಂಡರೂ ಹೊರಬರುವಾಗ ಕಾರು ನೇರವಾಗಿ, ಪೂರ್ತಿ ಥ್ರಾಟಲ್‌ನಲ್ಲಿ ಇದ್ದರೆ ಆ ಲಾಭ ನೇರ ದಾರಿಯ ಕೊನೆಯವರೆಗೂ ಜೊತೆಗೇ ಬರುತ್ತದೆ.

ಜಿಗಿತಗಳ ವಿಷಯದಲ್ಲಿ ಭೌತಶಾಸ್ತ್ರವನ್ನು ಅರಿತವನಿಗೆ ಅನುಕೂಲ. ಕಾರು ಗಾಳಿಯಲ್ಲಿರುವಾಗ ಥ್ರಾಟಲ್ ಕೊಟ್ಟರೆ ಹಿಂಚಕ್ರಗಳ ತಿರುಗುವ ವೇಗ ಹೆಚ್ಚುತ್ತದೆ, ಅದಕ್ಕೆ ಪ್ರತಿಯಾಗಿ ಚಾಸಿ ವಿರುದ್ಧ ದಿಕ್ಕಿಗೆ ತಿರುಗಿ ಮೂತಿ ಮೇಲೇಳುತ್ತದೆ. ಬ್ರೇಕ್ ಹಾಕಿದರೆ ಮೂತಿ ಕೆಳಗಿಳಿಯುತ್ತದೆ. ನಾಲ್ಕೂ ಚಕ್ರಗಳು ತಿರುಗುವ ಫೋರ್ ವೀಲ್ ಡ್ರೈವ್ ಕಾರಿನಲ್ಲಿ ಈ ಪರಿಣಾಮ ಹೆಚ್ಚು, ನಮ್ಮ ಕಾರಿನಲ್ಲಿ ಸೌಮ್ಯ. ಆದ್ದರಿಂದ ಗಾಳಿಯಲ್ಲಿ ತಿದ್ದುವುದಕ್ಕಿಂತ ಜಿಗಿತದ ಅಂಚನ್ನು ಬಿಡುವ ಕ್ಷಣವನ್ನು ಸರಿಪಡಿಸಿಕೊಳ್ಳುವುದೇ ಮುಖ್ಯ. ಏರಿನ ಮೇಲೆ ಥ್ರಾಟಲ್ ಒಂದೇ ಸಮನಾಗಿರಲಿ. ಅಂಚಿನಲ್ಲಿ ಹಠಾತ್ತನೆ ಒತ್ತಿದರೆ ಮೂತಿ ಆಕಾಶ ನೋಡುತ್ತದೆ, ಹಠಾತ್ತನೆ ಬಿಟ್ಟರೆ ಮುಗ್ಗರಿಸುತ್ತದೆ. ಎರಡು ದಿಬ್ಬಗಳ ಜಿಗಿತದಲ್ಲಿ ಎರಡನೆಯ ದಿಬ್ಬದ ಇಳಿಜಾರಿನ ಮೇಲೆ ಇಳಿಯುವುದು ಗುರಿ. ಅದನ್ನು ದಾಟಿ ಸಮನೆಲಕ್ಕೆ ಹಾರಿದ ಕಾರು ನೋಡಲು ಚೆಂದ, ಆದರೆ ಅದು ನೆಲಕ್ಕೆ ಬಡಿದು ಪುಟಿದು ಸಮಯ ಕಳೆಯುತ್ತದೆ. ಗಾಳಿಯಲ್ಲಿರುವಷ್ಟು ಹೊತ್ತೂ ಕಾರಿಗೆ ವೇಗ ಕೂಡಿಸಲು ಬರುವುದಿಲ್ಲ. ಹಾಗಾಗಿ ಜಿಗಿತ ತಗ್ಗಾಗಿದ್ದಷ್ಟೂ ಒಳ್ಳೆಯದು.

ಪರೀಕ್ಷಿಸುವ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಎಲ್ಲರೂ ಹೇಳುವ ಮಾತು. ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ಬದಲಾವಣೆಯ ಬಳಿಕ ಮತ್ತೆ ಹಳೆಯ ಸ್ಥಿತಿಗೆ ಮರಳಿ ಒಮ್ಮೆ ಓಡಿಸಬೇಕು. ಉದಾಹರಣೆಗೆ, ಹಿಂಚಕ್ರಗಳ ಸ್ಪ್ರಿಂಗ್ ತೆಗೆದು ಮೆದುವಾದದ್ದನ್ನು ಹಾಕಿದಾಗ ಸರಾಸರಿ ಸುತ್ತು 0.4 ಸೆಕೆಂಡ್ ಸುಧಾರಿಸಿತೆಂದುಕೊಳ್ಳಿ. ಹಳೆಯ ಸ್ಪ್ರಿಂಗಿಗೆ ಮರಳಿದಾಗಲೂ ಅದೇ ವೇಗ ಉಳಿದರೆ, ಸುಧಾರಿಸಿದ್ದು ಸ್ಪ್ರಿಂಗಿನಿಂದಲ್ಲ, ಟ್ರ್ಯಾಕ್ ಹದಕ್ಕೆ ಬಂದದ್ದರಿಂದಲೋ ನಿಮ್ಮ ಕೈ ಕುದುರಿದ್ದರಿಂದಲೋ ಆಗಿದೆ. ಮೂರನೆಯ ಈ ಓಟಕ್ಕೆ ಬ್ಯಾಟರಿ ಖರ್ಚಾಗುತ್ತದೆಂದು ಹಿಂಜರಿಯುವವರೇ ಹೆಚ್ಚು. ನಿಜ ಹೇಳಬೇಕೆಂದರೆ, ಆ ದಿನದ ಅತಿ ಉಪಯುಕ್ತ ಓಟ ಅದೇ ಆಗಿರುತ್ತದೆ.

ಅತಿ ವೇಗದ ಸುತ್ತನ್ನು ಬದಿಗಿಟ್ಟು, 5 ನಿಮಿಷದ ಸರಾಸರಿಯನ್ನೂ ಅತಿ ವೇಗದ ಮತ್ತು ಅತಿ ನಿಧಾನದ ಸುತ್ತುಗಳ ಅಂತರವನ್ನೂ ಬರೆದಿಡಿ. ಜೊತೆಗೆ ನೆಲದ ಸ್ಥಿತಿ, ಹೊತ್ತು, ಟೈರಿನ ಸವೆತ ಇವಿಷ್ಟನ್ನೂ ಒಂದು ಸಾಲಿನಲ್ಲಿ ನಮೂದಿಸಿ. ದೋಷ ಹೇಳುವಾಗಲೂ ಎಲ್ಲಿ ಎಂಬುದನ್ನು ಸೇರಿಸಿ ಹೇಳಿ: ಹಿಂಭಾಗ ಜಾರುವುದು ತಿರುವಿಗೆ ಹೊಗುವಾಗಲೋ, ನಡುವಿನಲ್ಲೋ, ಥ್ರಾಟಲ್ ಕೊಟ್ಟು ಹೊರಬರುವಾಗಲೋ? ಹೊಗುವಾಗ ಜಾರಿದರೆ ಮೊದಲು ಬ್ರೇಕನ್ನು ಅನುಮಾನಿಸಬೇಕು, ಹೊರಬರುವಾಗ ಜಾರಿದರೆ ಬೆರಳನ್ನು, ಬಳಿಕ ಟೈರನ್ನು, ಆಮೇಲೆ ಹಿಂಚಕ್ರಗಳ ಸ್ಪ್ರಿಂಗನ್ನು.

ಸ್ಪರ್ಧೆಯ ದಿನ

ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಬಗ್ಗೆ ಸಡಿಲಿಕೆ ಸಲ್ಲದು. ಎರಡು ಸೆಲ್‌ಗಳ ಬ್ಯಾಟರಿಯನ್ನು 8.40 ವೋಲ್ಟ್‌ಗಿಂತ ಮೇಲೆ ಚಾರ್ಜ್ ಮಾಡಬಾರದು. ತಯಾರಕರು ಬೇರೆ ಹೇಳದಿದ್ದರೆ 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಸಾಕು. ಬೆಂಕಿ ತಡೆಯುವ ಚೀಲದೊಳಗಿಟ್ಟು, ಸೆಲ್‌ಗಳನ್ನು ಸಮ ಮಟ್ಟದಲ್ಲಿಡುವ ಬ್ಯಾಲೆನ್ಸ್ ತಂತಿ ಜೋಡಿಸಿ, ಕಣ್ಣೆದುರಿನಲ್ಲೇ ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಬಳಸಲೇಬೇಡಿ, ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಯಾವ ಬ್ಯಾಟರಿಯನ್ನೂ ಬಿಡಬೇಡಿ. ಮೊದಲು ಟ್ರಾನ್ಸ್‌ಮಿಟರ್ ಆನ್ ಮಾಡಿ ಬಳಿಕ ಕಾರು, ನಿಲ್ಲಿಸುವಾಗ ಮೊದಲು ಕಾರು ಬಳಿಕ ಟ್ರಾನ್ಸ್‌ಮಿಟರ್: ಈ ಅನುಕ್ರಮ ತಪ್ಪಿದರೆ ಹತೋಟಿಯಿಲ್ಲದ ಕಾರು ಯಾರದೋ ಕಾಲಿಗೆ ಬಡಿಯಬಹುದು.

ಅರ್ಹತಾ ಸುತ್ತುಗಳಲ್ಲಿ ಸಾಮಾನ್ಯವಾಗಿ ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ. ಅಲ್ಲಿ ಸ್ಪರ್ಧೆಯಿರುವುದು ಗಡಿಯಾರದೊಡನೆ. ನಿಮಗಿಂತ ವೇಗದ ಕಾರು ಹಿಂದಿನಿಂದ ಬಂದರೆ ಸುರಕ್ಷಿತವಾದ ಜಾಗದಲ್ಲಿ ಹೊರಸಾಲಿಗೆ ಸರಿದು ದಾರಿ ಬಿಡಿ, ಅದರಿಂದ ನಿಮಗಾಗುವ ನಷ್ಟ ಅರ್ಧ ಸೆಕೆಂಡಿಗಿಂತ ಹೆಚ್ಚಿರುವುದಿಲ್ಲ. ಫೈನಲ್‌ನ ಮೊದಲ ತಿರುವಿನಲ್ಲಿ ಹತ್ತು ಕಾರುಗಳು ಒಂದೇ ಜಾಗಕ್ಕೆ ನುಗ್ಗುತ್ತವೆ. ಅಲ್ಲಿ ತುಸು ತಡೆದವನ ಮುಂದೆ ಕಾರುಗಳು ಒಂದಕ್ಕೊಂದು ಡಿಕ್ಕಿಯಾಗಿ ದಾರಿ ತಾನಾಗಿ ತೆರೆದುಕೊಳ್ಳುವುದನ್ನು ಯಾವ ಟ್ರ್ಯಾಕಿನಲ್ಲಾದರೂ ಕಾಣಬಹುದು.

ನಿಮ್ಮ ಹೀಟ್ ಮುಗಿದೊಡನೆ ಮುಂದಿನ ಹೀಟಿಗೆ ಮಾರ್ಷಲ್ ಆಗಿ ನಿಲ್ಲುವುದು ಈ ಕ್ರೀಡೆಯ ಪದ್ಧತಿ, ಅದನ್ನು ತಪ್ಪಿಸುವುದು ದೊಡ್ಡ ಅಗೌರವ. ಮುಚ್ಚಿದ ಶೂ ಧರಿಸಿ, ಬರುವ ಕಾರುಗಳ ಕಡೆಗೆ ಮುಖ ಮಾಡಿ ನಿಲ್ಲಿ. ಟ್ರ್ಯಾಕಿಗೆ ಇಳಿಯುವ ಮುನ್ನ ಎರಡೂ ಕಡೆ ನೋಡಿ. ಮಗುಚಿದ ಕಾರನ್ನು ಚಾಸಿಯ ಬದಿಗಳಲ್ಲಿ ಹಿಡಿದು ಎತ್ತಿ, ಹಿಂಚಕ್ರಗಳಿಂದ ಬೆರಳನ್ನು ದೂರವಿಡಿ. ಬೇರೆ ಕಾರುಗಳು ದಾಟಿದ ಮೇಲೆ, ಓಟದ ದಿಕ್ಕಿಗೆ ಮುಖ ಮಾಡಿಸಿ ಕೆಳಗಿಡಿ.

ಮನೆಗೆ ಹೊರಡುವ ಮುನ್ನ ಬ್ರಷ್ಷಿನಿಂದ ಧೂಳು ಕೊಡವಿ, ಚಕ್ರಗಳನ್ನು ಕೈಯಿಂದ ತಿರುಗಿಸಿ ಬೇರಿಂಗಿನ ಸದ್ದು ಕೇಳಿ. ಗರಗರ ಎನ್ನುವ ಬೇರಿಂಗನ್ನು ಗುರುತು ಮಾಡಿ ಬದಲಿಸಿ. ಶಾಕ್ ಶಾಫ್ಟ್‌ಗಳ ಮೇಲೆ ಎಣ್ಣೆಯೊಡನೆ ಮಣ್ಣು ಅಂಟಿದ್ದರೆ ಸೀಲ್ ಸೋರುತ್ತಿದೆ ಎಂದು ತಿಳಿದು ಮುಂದಿನ ವಾರಕ್ಕೆ ಮೊದಲು ಬಿಚ್ಚಿ. ಬ್ಯಾಟರಿಗಳನ್ನು ಸೆಲ್ಲಿಗೆ 3.8 ವೋಲ್ಟಿನ ಶೇಖರಣಾ ಮಟ್ಟಕ್ಕೆ ತಂದಿಡಿ, ಮತ್ತು ಆ ದಿನ ಕಾರಿನಲ್ಲಿ ಕೊನೆಗೆ ಉಳಿದ ಸೆಟಪ್ಪನ್ನು ಹಾಳೆಯಲ್ಲಿ ಬರೆದಿಡಿ.